ಬೋಲ್ಟು ಕೂತಿತು, ಪಂಪು ಒಪ್ಪಲಿಲ್ಲ

ನೆರೂಳದಿಂದ ಮಹಾಪೆ, ಶಿಳ್‌ಫಾಟಾ ಹಾದು ಡೊಂಬಿವಲಿಯತ್ತ ದಿನವೂ ಓಡಾಡುವವರಿಗೂ ಆ ಕಡೆ ಒಂದು ಕಾಲಕ್ಕೆ ಫ್ರೆಂಚ್ ಕಾರು ತಯಾರಾಗುತ್ತಿತ್ತೆಂಬುದು ಮರೆತುಹೋಗಿದೆ. ಪ್ರೀಮಿಯರ್ ಆಟೊಮೊಬೈಲ್ಸ್‌ನವರ ಕಲ್ಯಾಣದ ಕಾರ್ಖಾನೆಯಿಂದ 1994ರಿಂದ 1997ರವರೆಗೆ ಪೆಜೊ 309 ಹೊರಬರುತ್ತಿತ್ತು. ಕಾರ್ಮಿಕರ ಜಗಳ, ಪಾಲುದಾರರ ಮುನಿಸು ಎಲ್ಲ ಸೇರಿ ಫ್ರೆಂಚರು ಗಂಟುಮೂಟೆ ಕಟ್ಟಿದರು. ಕಾರು ಹೋಯಿತು, ಅದರ ಡೀಸೆಲ್ ಇಂಜಿನ್ ಮಾತ್ರ ಈ ದೇಶದಲ್ಲಿ ಉಳಿದುಕೊಂಡಿತು. ಟಿಯುಡಿ5 ಎಂಬ 1527 ಸಿಸಿಯ ಅದೇ ಇಂಜಿನ್ನನ್ನು 1998ರಲ್ಲಿ ಮಾರುತಿ ತನ್ನ ಝೆನ್ ಮತ್ತು ಎಸ್ಟೀಮ್‌ ಡೀಸೆಲ್ ಗಾಡಿಗಳಿಗೆ ಇಳಿಸಿತು. ಪ್ರೀಮಿಯರ್ 2009ರಲ್ಲಿ ರಿಯೊ ತಂದಾಗ ಅದೂ ಈ ವಂಶವನ್ನೇ ಹಿಡಿಯಿತು.

ಹಾಗಾಗಿ ಹಳೆಯ 309 ಇಟ್ಟುಕೊಂಡವನು ಇಂಜಿನ್ ಕುಳಿತಾಗ ಕುರ್ಲಾದ ಗುಜರಿ ಸಾಲಿಗೆ ಹೋಗಿ ಝೆನ್ ಡಿ ಇಂಜಿನ್ ಹುಡುಕುವುದು ಸಹಜ. ಹುಡುಕಬೇಕಾದ್ದೂ ಅದನ್ನೇ. ಎಡವಟ್ಟು ಶುರುವಾಗುವುದು ಆಮೇಲೆ. ಗುಜರಿಯಲ್ಲಿ ಇಂಜಿನ್ ಒಂದು ಕಡೆ ಬಿದ್ದಿರುತ್ತದೆ, ಅದಕ್ಕೆ ಡೀಸೆಲ್ ಒತ್ತಿ ಕಳಿಸುವ ಪಂಪು ಇನ್ನೊಂದು ಅಂಗಡಿಯಲ್ಲಿ, ನಾಜಲ್‌ಗಳು ಒಂದು ಡಬ್ಬಿಯಲ್ಲಿ, ಪೈಪುಗಳು ಗೊಂಚಲಾಗಿ ಮೊಳೆಗೆ ತೂಗಿರುತ್ತವೆ. ಪಂಪಿಗೇ ಹೆಚ್ಚು ಬೆಲೆ ಸಿಗುವುದರಿಂದ ಅದನ್ನು ಮೊದಲೇ ಬಿಚ್ಚಿ ಮಾರಿರುತ್ತಾರೆ. ಕೊಂಡವನು ನಾಲ್ಕು ಕಡೆಯಿಂದ ತಂದು ಶಿರವಣೆ ಎಂಐಡಿಸಿಯ ಯಾವುದೋ ಗ್ಯಾರೇಜಿನಲ್ಲಿ ಸುರಿಯುತ್ತಾನೆ. ಬೋಲ್ಟುಗಳೆಲ್ಲ ಕೂರುತ್ತವೆ, ಇಂಜಿನ್ ಸ್ಟಾರ್ಟೂ ಆಗುತ್ತದೆ. ಪಾಮ್ ಬೀಚ್ ರಸ್ತೆಗೆ ತಂದು ನಾಲ್ಕನೇ ಗೇರಿನಲ್ಲಿ ಒತ್ತಿದಾಗ ಕಪ್ಪು ಹೊಗೆ, ಕಟಕಟ ಸದ್ದು, ಪಿಕಪ್ ಇಲ್ಲ. ಮೇಸ್ತ್ರಿ ಟರ್ಬೊ ಹಾಕೋಣವೇ ಎಂದು ಕೇಳುವುದೂ ಉಂಟು!

ಕೊರತೆ ಟರ್ಬೊದ್ದಲ್ಲ, ಹೊಂದಾಣಿಕೆಯದು. ಟಿಯುಡಿ ಸಾಲಿನ ಇಂಜಿನ್ನುಗಳಿಗೆ ಪೆಜೊ-ಸಿಟ್ರೋಎನ್‌ನವರು ಎರಡು ಬಗೆಯ ಪಂಪು ಕೂರಿಸಿದ್ದರು: ಬಾಷ್ ವಿಇ ಮತ್ತು ಲೂಕಾಸ್ ಡಿಪಿಸಿ. ಎರಡೂ ರೋಟರಿ ಪಂಪುಗಳೇ, ಎರಡಕ್ಕೂ ಟೈಮಿಂಗ್ ಬೆಲ್ಟೇ ಓಟ. ಒಳಗಿನ ಕತೆ ಬೇರೆ. ಬಾಷ್‌ನದರಲ್ಲಿ ಒಂದೇ ಪ್ಲಂಜರು ತಿರುಗುತ್ತಲೇ ಹಿಂದೆ ಮುಂದೆ ಹೋಗಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಹಂಚುತ್ತದೆ. ಲೂಕಾಸ್‌ನಲ್ಲಿ ತಿರುಗುವ ರೋಟರಿನೊಳಗೆ ಎದುರುಬದುರು ಕೂತ ಪ್ಲಂಜರುಗಳನ್ನು ಸುತ್ತಲಿನ ಕ್ಯಾಮ್ ಉಂಗುರ ಒಳಕ್ಕೆ ಒತ್ತುತ್ತದೆ. ಮದರಾಸಿನ ಲೂಕಾಸ್-ಟಿವಿಎಸ್‌ನ ಡಿಪಿಎ ಪಂಪು ಹೊತ್ತ ಟ್ರ್ಯಾಕ್ಟರುಗಳನ್ನು ಬಿಚ್ಚಿ ಪಳಗಿದ ಕೈಗೆ ಡಿಪಿಸಿ ಅಪರಿಚಿತವಲ್ಲ. ಆಡುಗೋಡಿಯ ಮೈಕೊ ನೆರಳಲ್ಲಿ ಬೆಳೆದ ನಮ್ಮ ಬೆಂಗಳೂರಿನ ಪಂಪು ಮೇಸ್ತ್ರಿಗಳು ವಿಇಯನ್ನೇ ಮೆಚ್ಚುತ್ತಾರೆ. 1951ರಲ್ಲಿ ಹುಟ್ಟಿದ ಮೈಕೊ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಇಂದಿಗೂ ಅದು ಮೈಕೊ ಪಂಪೇ.

ಪಂಪಿನ ಮೈಮೇಲೆ ಒಂದು ಸಣ್ಣ ತಗಡಿರುತ್ತದೆ. ಅದೇ ಅದರ ಜಾತಕ. ಉದಾಹರಣೆಗೆ ವಿಇ4/9ಎಫ್2300ಆರ್ ಎಂದಿದ್ದರೆ: ನಾಲ್ಕು ಸಿಲಿಂಡರು, 9 ಮಿಲಿಮೀಟರ್ ಪ್ಲಂಜರು, ಯಾಂತ್ರಿಕ ಗವರ್ನರು, ನಿಮಿಷಕ್ಕೆ 2300 ಸುತ್ತು, ಬಲಕ್ಕೆ ತಿರುಗುವಂಥದ್ದು. ಪಂಪು ಇಂಜಿನ್ನಿನ ಅರ್ಧ ವೇಗದಲ್ಲಿ ಓಡುವುದರಿಂದ 2300 ಎಂದರೆ ಇಂಜಿನ್ನಿನ ಲೆಕ್ಕದಲ್ಲಿ 4600. ಇದೇ ಆಕಾರದ ಪಂಪು ಜೀಪು, ಜನರೇಟರುಗಳಲ್ಲೂ ಇರುತ್ತದೆ. ಕಡಿಮೆ ಸುತ್ತಿನ ಇಂಜಿನ್ನಿನಿಂದ ಬಂದದ್ದಾದರೆ ಗವರ್ನರು ಅರ್ಧ ದಾರಿಯಲ್ಲೇ ಡೀಸೆಲ್ ಕಟ್ ಮಾಡುತ್ತದೆ, ಗಾಡಿ ಅಲ್ಲಿಂದ ಮೇಲೇಳುವುದಿಲ್ಲ. ತಗಡು ಉಜ್ಜಿಹೋಗಿರುವ ಪಂಪನ್ನು ನಾನು ಬಿಟ್ಟಿ ಕೊಟ್ಟರೂ ತರುವುದಿಲ್ಲ.

ಎಲ್ಲರೂ ಕಡೆಗಣಿಸುವುದು ಪೈಪನ್ನು. ಉಕ್ಕಿನ ಕೊಳವೆ ತಾನೇ, ಬಗ್ಗಿಸಿ ಹಾಕಿದರಾಯಿತು ಎಂಬ ಉಡಾಫೆ. ಪಂಪು ಒತ್ತಿದ ಕ್ಷಣಕ್ಕೇ ನಾಜಲ್ ತೆರೆಯುವುದಿಲ್ಲ. ಒತ್ತಡದ ಅಲೆ ಪೈಪಿನುದ್ದಕ್ಕೂ ಸಾಗಬೇಕು, ಡೀಸೆಲ್‌ನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,400 ಮೀಟರು. ಒಂದು ಪೈಪು ಉಳಿದವಕ್ಕಿಂತ 10 ಸೆಂಟಿಮೀಟರ್ ಉದ್ದವಾದರೆ ಆ ಸಿಲಿಂಡರಿಗೆ ಡೀಸೆಲ್ 0.07 ಮಿಲಿಸೆಕೆಂಡು ತಡ. 4000 ಸುತ್ತಿನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 24 ಡಿಗ್ರಿ ತಿರುಗುತ್ತದೆ. ಅಲ್ಲಿಗೆ ಸುಮಾರು 1.7 ಡಿಗ್ರಿ ಹಿಂದೆ ಬಿತ್ತು. ಐಡ್ಲಿಂಗ್‌ನಲ್ಲಿ ಇದೇ ವ್ಯತ್ಯಾಸ ಡಿಗ್ರಿಯ ಮೂರನೇ ಒಂದು ಪಾಲು. ಗ್ಯಾರೇಜಿನ ಮುಂದೆ ನಿಂತು ಕೇಳಿದಾಗ ಚೆನ್ನಾಗಿದ್ದ ಇಂಜಿನ್ ಹೆದ್ದಾರಿಯಲ್ಲಿ ಕೆಮ್ಮುವುದು ಅದಕ್ಕೇ. ಒಳವ್ಯಾಸ ಬೇರೆಯಾದರೆ ಇನ್ನೂ ಕಷ್ಟ. ಪ್ರತಿ ಸಲ ಚಿಮ್ಮಿದ ಮೇಲೆ ಪಂಪಿನ ಡೆಲಿವರಿ ವಾಲ್ವು ಪೈಪಿನಿಂದ ಒಂದಿಷ್ಟು ಡೀಸೆಲನ್ನು ಹಿಂದಕ್ಕೆ ಎಳೆದುಕೊಂಡು ಒತ್ತಡ ಇಳಿಸುತ್ತದೆ. ಎಷ್ಟು ಎಳೆಯಬೇಕೆಂಬುದು ಆ ಪೈಪಿನ ಗಾತ್ರ ನೋಡಿಯೇ ನಿಗದಿಯಾದದ್ದು. ಲೆಕ್ಕ ತಪ್ಪಿದರೆ ನಾಜಲ್ ಮುಚ್ಚಿದ ಮೇಲೆ ಮತ್ತೊಮ್ಮೆ ತೆರೆದು ತೊಟ್ಟಿಕ್ಕುತ್ತದೆ. ತಡವಾಗಿ ಬಿದ್ದ ಆ ತೊಟ್ಟೇ ಹೊಗೆ, ಅದೇ ನಾಜಲ್ ತುದಿಯ ಮಸಿ.

ನಾಜಲ್ ವಿಚಾರದಲ್ಲಿ ಡೈರೆಕ್ಟ್ ಇಂಜೆಕ್ಷನ್ ಜೀಪಿನವರ ಮಾತು ಕೇಳಬೇಡಿ. ಟಿಯುಡಿಯಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳದೆ, ಹೆಡ್‌ನಲ್ಲಿರುವ ಪುಟ್ಟ ಸುಳಿಗಾಳಿ ಕೋಣೆಗೆ ಬೀಳುತ್ತದೆ. ಬ್ರಿಟನ್ನಿನ ಹ್ಯಾರಿ ರಿಕಾರ್ಡೊ 1930ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿ ಇದು. ಇದಕ್ಕೆ ಡಿಎನ್ ಎಂದು ಶುರುವಾಗುವ ಪಿಂಟಲ್ ನಾಜಲ್ ಬೇಕು, ತೆರೆಯುವ ಒತ್ತಡ ಸುಮಾರು 120-130 ಬಾರ್. ಡೈರೆಕ್ಟ್ ಇಂಜೆಕ್ಷನ್ನಿನ ಡಿಎಲ್‌ಎಲ್‌ಎ ನಾಜಲ್‌ಗೆ ಹಲವು ಸಣ್ಣ ತೂತು, ಅದು ತೆರೆಯಲು 200 ಬಾರ್‌ನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಬೇಕು. ಸ್ಪ್ರಿಂಗಿನ ಹಿಂದಿನ ವಾಷರ್ 0.1 ಮಿಲಿಮೀಟರ್ ದಪ್ಪವಾದರೆ ಒತ್ತಡ ಸುಮಾರು 10 ಬಾರ್ ಏರುತ್ತದೆ. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ಟೆಸ್ಟರಿನಲ್ಲಿ ಕೂರಿಸಿ ನೋಡದೆ ಹಾಕಬಾರದು. ಹಾಗೆ ನೋಡುವಾಗ ಚಿಮ್ಮುವ ಡೀಸೆಲ್‌ಗೆ ಕೈ ಒಡ್ಡಬೇಡಿ, ಚರ್ಮ ಸೀಳಿ ರಕ್ತಕ್ಕೆ ಹೋಗುತ್ತದೆ.

ಟೈಮಿಂಗ್‌ನಲ್ಲೂ ಎರಡು ಪಂಪಿಗೆ ಎರಡು ಶಾಸ್ತ್ರ. ಬಾಷ್‌ನಲ್ಲಿ ನಾಲ್ಕು ಪೈಪುಗಳ ನಡುವಿನ ಪ್ಲಗ್ ಬಿಚ್ಚಿ ಡಯಲ್ ಗೇಜಿನಿಂದ ಪ್ಲಂಜರು ಎಷ್ಟು ಎದ್ದಿದೆ ಎಂದು ಅಳೆಯುತ್ತಾರೆ. ಲೂಕಾಸ್‌ನಲ್ಲಿ ಅಳತೆಯ ಅಂಕಿಯನ್ನು ಆ ಪಂಪಿನ ಮೇಲೇ ಪುಟ್ಟ ಬಿಲ್ಲೆಯಲ್ಲಿ ಕೊರೆದಿರುತ್ತಾರೆ, ಒಂದೊಂದು ಪಂಪಿಗೆ ಒಂದೊಂದು. ಬಿಲ್ಲೆ ಕಳೆದಿದ್ದರೆ ಕ್ಯಾಲಿಬ್ರೇಷನ್ ಬೆಂಚಿಗೆ ಕಳಿಸುವುದೇ ದಾರಿ. ಕಿವಿಯಿಂದ ಟೈಮಿಂಗ್ ಇಡುತ್ತೇನೆ ಎನ್ನುವವರ ಕಿವಿಯ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನ ಗಾಡಿ ಅವರಿಗೆ ಕೊಡೆ.

ನನ್ನ ಹಟ ಇಷ್ಟೇ: ಪಂಪು, ಪೈಪು, ನಾಜಲ್ ಮೂರೂ ಒಂದೇ ಇಂಜಿನ್ನಿನಿಂದ ಒಟ್ಟಿಗೆ ಇಳಿದು ಒಟ್ಟಿಗೇ ಏರಬೇಕು. ಗುಜರಿಯಿಂದ ಬರೀ ಇಂಜಿನ್ ಸಿಕ್ಕಿದರೆ ನಿಮ್ಮ ಹಳೆಯ ಸೆಟ್ಟನ್ನೇ ಅದಕ್ಕೆ ಹಾಕಿ. ಅದು ಸವೆದಿದ್ದರೆ ರಿಪೇರಿಗೆ ದುಡ್ಡು ಸುರಿಯಿರಿ, ಇನ್ನೊಂದು ತರಲು ಬೇಡ. ಇಂಜಿನ್ ನಂಬರು ಬದಲಾದದ್ದನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಿ, ಇಲ್ಲವಾದರೆ ನಾಳೆ ಮಾರುವಾಗ ಅದೇ ತಕರಾರು.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಪೈಪಿನ ನಟ್ಟುಗಳನ್ನು ನಾಜಲ್ ಕಡೆ ಸಡಿಲಿಸಿ ಗಾಳಿ ತೆಗೆಯಿರಿ. ಸ್ಟಾಪ್ ಸೊಲೆನಾಯ್ಡ್‌ಗೆ 12 ವೋಲ್ಟ್ ಕೊಟ್ಟಾಗ ಟಕ್ ಎನ್ನುತ್ತದೆಯೇ ನೋಡಿ. ಏರ್ ಫಿಲ್ಟರಿನ ಕೊಳವೆ ಬಿಚ್ಚಿ, ಇಂಜಿನ್ನಿಗೆ ಗಾಳಿ ಹೋಗುವ ಬಾಯಿ ಮುಚ್ಚುವಷ್ಟು ಅಗಲದ ಪ್ಲೈವುಡ್ ತುಂಡು ಕೊಟ್ಟು ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿ. ಗವರ್ನರು ತಪ್ಪಾಗಿ ಜೋಡಿಸಿದ ಪಂಪಾದರೆ ಇಂಜಿನ್ ಹುಚ್ಚೆದ್ದು ಏರುತ್ತದೆ, ಸೊಲೆನಾಯ್ಡೂ ಸಿಕ್ಕಿಕೊಂಡಿದ್ದರೆ ಕೀ ತೆಗೆದರೂ ಕೇಳುವುದಿಲ್ಲ. ಆಗ ಅವನು ಹಲಗೆ ಒತ್ತಬೇಕು, ಅಂಗೈಯನ್ನಲ್ಲ.