ತೊಗಲುಗೊಂಬೆ ನೋಡುವ ಬಗೆ

ತೊಗಲುಗೊಂಬೆಯ ಬಣ್ಣ ಕಾಣಬೇಕಾದರೆ ಅದರ ಹಿಂದೆ ದೀಪವಿರಬೇಕು. ಹಗಲಲ್ಲಿ ಕೈಗೆತ್ತಿಕೊಂಡರೆ ಮಸುಕಾದ, ಎಣ್ಣೆ ಹೊಗೆ ಹಿಡಿದ ಚರ್ಮ. ಅದೇ ಗೊಂಬೆಯನ್ನು ಬಿಳಿ ಪರದೆಗೆ ಒತ್ತಿ ಹಿಂದೆ ದೀಪ ಹಚ್ಚಿದರೆ ಕೆಂಪು, ಹಸಿರು, ನೀಲಿ ಎಲ್ಲವೂ ಒಳಗಿನಿಂದಲೇ ಹೊಮ್ಮುತ್ತವೆ.

ಗುಬ್ಬಿ, ತುಮಕೂರು, ಕುಣಿಗಲ್ ಸೀಮೆಯವರಿಗೆ ರಂಗದ ಚಿತ್ರವೆಂದರೆ ಮೊದಲು ನೆನಪಾಗುವುದು ಕಂಪನಿ ನಾಟಕದ ಸೀನರಿ ಪರದೆ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೇ ಈ ಸೀಮೆಯಲ್ಲಿ, 1884ರಲ್ಲಿ. ಆ ಪರದೆಗೆ ಬೆಳಕು ಮುಂದಿನಿಂದ ಬೀಳುತ್ತದೆ, ಬಣ್ಣ ಬಟ್ಟೆಯ ಮೇಲೆ ದಪ್ಪಗೆ ಕೂತಿರುತ್ತದೆ. ತೊಗಲುಗೊಂಬೆಗೆ ಆ ರೂಢಿಯ ಕಣ್ಣು ಸಾಲದು.

ಕಿಳ್ಳೇಕ್ಯಾತ ಸಮುದಾಯದವರು ಈ ಕಲೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು. ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದರೆ ಅದು ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಆಕಾರ ಬರೆದು, ಉಳಿಯಿಂದ ತೂತು ಹೊಡೆದು, ಬಣ್ಣ ಹಚ್ಚಿ, ಬಿದಿರಿನ ಸೀಳು ಕಟ್ಟುತ್ತಾರೆ.

ಹೊಸಬರು ಮೊದಲು ಗಮನಿಸಬೇಕಾದದ್ದು ತೂತುಗಳನ್ನು. ಕಿರೀಟ, ಸರ, ಸೀರೆಯಂಚಿನ ಒಡವೆಗೆಲಸವೆಲ್ಲ ಸಾಲು ಸಾಲು ತೂತೇ. ಅಲ್ಲಿ ಚರ್ಮವಿಲ್ಲದ್ದರಿಂದ ಬೆಳಕು ನೇರವಾಗಿ ಬಂದು ಮುತ್ತು ಪೋಣಿಸಿದಂತೆ ಮಿನುಗುತ್ತದೆ. ಕಪ್ಪು ಬೆಳಕನ್ನು ತಡೆಯುತ್ತದೆ, ಆದ್ದರಿಂದ ಹುಬ್ಬು, ಮೀಸೆ, ಮೈಯ ಗೆರೆಗಳಿಗೆ ಅದೇ ಬೇಕು. ಇವೆರಡರ ನಡುವೆ ಉಳಿದ ಬಣ್ಣಗಳು ಬೆಳಕನ್ನು ಅರ್ಧ ಬಿಟ್ಟು ಅರ್ಧ ಹಿಡಿಯುತ್ತವೆ. ಬಲ್ಲ ಕೈಯ ಗೊಂಬೆಯಲ್ಲಿ ಈ ಮೂರೂ ತೂಗಿಸಿಕೊಂಡಿರುತ್ತವೆ. ತೂತು ಅತಿಯಾದರೆ ಗೊಂಬೆ ಜಾಳಾಗಿ ಮುಖದ ಕಳೆಯೇ ಹೋಗುತ್ತದೆ.

ಆಮೇಲೆ ಪದರ. ಒಂದು ಗೊಂಬೆಯ ಮುಂದೆ ಇನ್ನೊಂದು ಸರಿದಾಗ ಬೆಳಕು ಎರಡು ಚರ್ಮ ದಾಟಿ ಬರಬೇಕು. ಹಳದಿ ಮತ್ತು ನೀಲಿ ಒಂದರ ಮೇಲೊಂದು ಬಂದರೆ ಹಸಿರಿನ ಛಾಯೆ, ಕೆಂಪು ಮತ್ತು ನೀಲಿ ಸೇರಿದರೆ ಗಾಢ ಕತ್ತಲು. ಯುದ್ಧದ ಸನ್ನಿವೇಶಕ್ಕೆ ಈ ಕತ್ತಲೇ ಬಿರುಸು ಕೊಡುತ್ತದೆ. ಗೊಂಬೆಯನ್ನು ಪರದೆಯಿಂದ ದೀಪದತ್ತ ಹಿಂದಕ್ಕೆಳೆದರೆ ಅಂಚು ಮಸುಕಾಗಿ ಆಕೃತಿ ಹಿಗ್ಗುತ್ತದೆ. ಹರಳೆಣ್ಣೆ ದೀಪದ ಕುಡಿ ಅಲುಗಿದಾಗ ಬಣ್ಣವೂ ಅಲುಗುತ್ತಿತ್ತು; ವಿದ್ಯುತ್ ಬಲ್ಬಿನ ಬೆಳಕು ನಿಶ್ಚಲ. ದೀಪದಲ್ಲಿ ನೋಡುವ ಅವಕಾಶ ಸಿಕ್ಕರೆ ಬಿಡಬಾರದು.

ಗೊಂಬೆಯ ಅಳತೆಗೂ ಅರ್ಥವಿದೆ: ದೇವರು, ರಾಜರು ದೊಡ್ಡವರು, ಸೇವಕರು ಚಿಕ್ಕವರು. ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಜೋಡಿ ಕಥೆಯ ನಡುನಡುವೆ ಬಂದು ನಗಿಸುತ್ತದೆ.

2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಸಂದಿತು. ತುಮಕೂರು ಕಡೆಯವರು ಹಳೆಯ ಗೊಂಬೆಗಳನ್ನು ನೋಡಲು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋಗಬಹುದು. ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ಊರೂರು ಅಲೆದು ತೊಗಲುಗೊಂಬೆ ಸಂಗ್ರಹಿಸಿದವರು. ಕುಣಿಗಲ್ಲಿನವರಿಗೆ ರಾಮನಗರದ ಜಾನಪದ ಲೋಕವೂ ದೂರವಲ್ಲ. ಗಾಜಿನೊಳಗಿನ ಗೊಂಬೆಗೆ ಹಿಂದಿನಿಂದ ಬೆಳಕು ಕೊಡದಿದ್ದರೆ ತೂತಿನ ಅಂಚುಗಳನ್ನಾದರೂ ಹತ್ತಿರದಿಂದ ನೋಡಬೇಕು. ಉಳಿಯ ಏಟು ಒಂದೇ ಹದದಲ್ಲಿ ಬಿದ್ದಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.