ಭಾಮೆಯ ಹುಚ್ಚಿಗೆ ಬೇಕಾದ ಹೊತ್ತು

ಶ್ರೀಕೃಷ್ಣ ಪಾರಿಜಾತವನ್ನು ಸವತಿಯರ ಜಗಳದ ಆಟವೆಂದು ಹೇಳಿ ಮುಗಿಸುವುದು ರೂಢಿ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು, ಕೃಷ್ಣ ರಮಿಸಿದ. ಕಥೆ ಇಷ್ಟೇ ನಿಜ. ಆದರೆ ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿಯಿಂದ ಘಟಪ್ರಭೆಯ ದಂಡೆಯ ಮುಧೋಳದವರೆಗೂ, ಅದರಾಚೆ ಗೋಕಾಕ ಸೀಮೆಯಲ್ಲೂ, ಈ ಆಟವನ್ನು ಬೆಳತನಕ ಕೂತು ನೋಡುವ ಜನ ಅಷ್ಟು ಸಣ್ಣ ಕಥೆಗಾಗಿ ನಿದ್ದೆಗೆಟ್ಟವರಲ್ಲ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರ ಹೆಸರಿನೊಂದಿಗೆ ಉಳಿದುಬಂದ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಹೆಸರಾದ ಪಾರಿಜಾತದ ನಿಜವಾದ ವಸ್ತು ಒಲವು ಹುಚ್ಚಾಗುವ ಬಗೆ. ಅದರ ಸಾಕ್ಷಿ ಕಥೆಯಲ್ಲಿಲ್ಲ, ಆಟದ ಕಟ್ಟಿನಲ್ಲಿದೆ.

ಭಾಮೆ ರಂಗಕ್ಕೆ ಬಂದಾಗ ಭಾಗವತ ಅವಳನ್ನು ತಡೆದು ಮಾತಿಗೆಳೆಯುತ್ತಾನೆ. ಯಾರು, ಎಲ್ಲಿಯವಳು, ಬಂದ ಕಾರಣವೇನು ಎಂದು ಊರ ಮಾತಿನಲ್ಲೇ ಕೇಳುತ್ತಾನೆ. ಮಾತಿನಲ್ಲಿ ಅವಳು ಬಿಂಕದ ರಾಣಿ. ಹಾಡಿಗೆ ತೊಡಗಿದಳೆಂದರೆ ಆ ಬಿಂಕ ಸಡಿಲುತ್ತದೆ. ಹಾರ್ಮೋನಿಯಂ, ತಬಲಾ, ತಾಳಗಳ ಜೊತೆ ಮೇಳದವರು ಅವಳ ಸೊಲ್ಲನ್ನೇ ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಅದೇ ಹೂವು, ಅದೇ ಸವತಿ, ಅದೇ ಗಾಯ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಮನಸ್ಸು ಗಾಣದೆತ್ತಿನಂತೆ ಒಂದೇ ಸುತ್ತು ತಿರುಗುತ್ತದೆ. ಜಪಾನಿನ ಕಬುಕಿಯಲ್ಲಿ 1818ರಲ್ಲಿ ಮೊದಲು ರಂಗಕ್ಕೆ ಬಂದ ‘ಯಾಸುನಾ’ ನೃತ್ಯರೂಪಕದ್ದೂ ಇದೇ ದಾರಿ: ಸತ್ತ ನಲ್ಲೆಯ ನಿಲುವಂಗಿ ಹಿಡಿದ ಯಾಸುನಾ ವಸಂತದ ಹೂಹೊಲದಲ್ಲಿ ಮತಿಗೆಟ್ಟು ಅಲೆಯುತ್ತಾನೆ, ಘಟನೆ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಅಲ್ಲಿನ ಅಳಲಿಗೆ ಎದುರು ನಿಂತು ವಾದಿಸುವವರಿಲ್ಲ. ಪಾರಿಜಾತದಲ್ಲಿ ಲೋಕದ ವಿವೇಕ ಭಾಗವತನ ಬಾಯಲ್ಲಿ ಭಾಮೆಯ ಮಗ್ಗುಲಲ್ಲೇ ನಿಂತಿದೆ, ಆದರೂ ಅವಳ ಉರಿ ಆರುವುದಿಲ್ಲ. ಪಾರಿಜಾತದ ಕಸುವು ಇರುವುದೇ ಇಲ್ಲಿ.

ಭಾಗವತನ ನಗೆಮಾತು ಭಾಮೆಯ ಸಂಕಟವನ್ನು ಹಗುರ ಮಾಡುತ್ತದೆ ಎಂಬ ಆಕ್ಷೇಪವಿದೆ. ಆದರೆ ಅವನ ಚೇಷ್ಟೆಗೆ ನಕ್ಕ ಪ್ರೇಕ್ಷಕನೇ ಮರುಗಳಿಗೆ ಅವಳ ಪದಕ್ಕೆ ಕಿವಿಗೊಡಬೇಕಾಗುತ್ತದೆ. ಹೊರಗಿನವರಿಗೆ ನಗೆಗೀಡಾದದ್ದು ಒಳಗಿದ್ದವಳಿಗೆ ಬೆಂಕಿ ಎಂದು ಹಾಗೆ ಮನವರಿಕೆಯಾಗುತ್ತದೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕೊನೆಗೂ ಇದು ಹೆಣ್ಣಿನ ಸಿಟ್ಟನ್ನು ಗರ್ವವೆಂದು ಕರೆದು ಮಣಿಸುವ ಕಥೆಯಲ್ಲವೇ? ಕಥೆಯ ಒಲವು ಅತ್ತ ಇರುವುದನ್ನು ಒಪ್ಪಲೇಬೇಕು. ಆದರೆ ರಂಗದ ತೂಕ ಬೇರೆ ಕಡೆಗಿದೆ. ಹೂ ಪಡೆದು ತಣ್ಣಗಿರುವ ರುಕ್ಮಿಣಿ ಜನರ ಮನಸ್ಸಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ನಿಲ್ಲುವವಳು ಹೂ ಸಿಗದ ಭಾಮೆ. ದೇವರೇ ಅವಳ ಬಾಗಿಲಿಗೆ ಬಂದು ಬೇಡಬೇಕು. ಬುದ್ಧಿವಾದ ಕಥೆಗೆ ಸೇರಿದ್ದು, ಸಹಾನುಭೂತಿ ಹಾಡಿಗೆ ಸೇರಿದ್ದು; ಪಾರಿಜಾತ ಹಾಡಿನ ಆಟ.

ಆದ್ದರಿಂದಲೇ ಎರಡು ತಾಸಿನ ವೇದಿಕೆಗಾಗಿ ಪದಗಳನ್ನು ಕತ್ತರಿಸಿ ಚಟಾಕಿಗಳನ್ನು ಉಳಿಸಿಕೊಳ್ಳುವುದು ಈ ಆಟಕ್ಕೆ ಮಾಡುವ ದೊಡ್ಡ ಅನ್ಯಾಯ. ರಾತ್ರಿಯಿಡೀ ಕೂರಲು ಇಂದಿನವರಿಗೆ ಬಿಡುವಿಲ್ಲ ಎಂಬುದು ಸರಿಯೇ. ಹಾಗಿದ್ದರೆ ಉಪಕಥೆಗಳನ್ನು, ಉದ್ದನೆಯ ಪೀಠಿಕೆಗಳನ್ನು ಮೊಟಕು ಮಾಡಲಿ. ಭಾಮೆಯ ಸೊಲ್ಲು ಮರಳಿ ಮರಳಿ ಬರುವುದು ಸಾಹಿತ್ಯದ ಪುನರುಕ್ತಿಯಲ್ಲ, ಪಾತ್ರದ ಉಸಿರು. ಅದನ್ನು ತೆಗೆದರೆ ಉಳಿಯುವುದು ಸವತಿಯರ ಜಗಳ ಮಾತ್ರ. ಭಾಮೆಗೆ ಎಷ್ಟು ಹೊತ್ತು ಕೊಡುತ್ತದೆ ಎಂಬುದರ ಮೇಲೆಯೇ ಒಂದು ಮೇಳದ ಯೋಗ್ಯತೆಯನ್ನು ಅಳೆಯಬೇಕು.