ಪವಾಡ ಒಪ್ಪಿಕೊಂಡ ಆರೋಪ

ಬಿಜ್ಜಳನ ಭಂಡಾರಿ ಬಸವಣ್ಣನ ಮೇಲಿದ್ದ ದೂರು ಇಂದಿನ ಕಿವಿಗೂ ಹೊಸದೇನಲ್ಲ: ದೊರೆಯ ಬೊಕ್ಕಸದ ಹೊನ್ನನ್ನು ತನ್ನವರಿಗೆ, ಅಂದರೆ ಜಂಗಮರಿಗೆ, ಸುರಿಯುತ್ತಿದ್ದಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲೂ, ಅದರ ಜಾಡಿನಲ್ಲಿ ಭೀಮಕವಿ 1369ರಲ್ಲಿ ಮುಗಿಸಿದ ಕನ್ನಡ ಬಸವಪುರಾಣದಲ್ಲೂ ಬಿಜ್ಜಳ ಚಾಡಿ ಕೇಳಿ ಲೆಕ್ಕ ಕೇಳುತ್ತಾನೆ. ಎಣಿಸಿದರೆ ಒಂದು ಹೊನ್ನೂ ಕಡಿಮೆಯಿಲ್ಲ. ಭಕ್ತರಿಗೆ ಅಷ್ಟು ಸಾಕು. ನನ್ನ ತಕರಾರು ಶುರುವಾಗುವುದೇ ಅಲ್ಲಿ. ಖಾಲಿಯಾದದ್ದು ಶಿವನ ದಯೆಯಿಂದ ಮತ್ತೆ ತುಂಬಿತು ಎಂದರೆ, ಖಾಲಿಯಾಗಿದ್ದು ನಿಜ ಎಂದಾಯಿತಲ್ಲ! ಆರೋಪಿಯನ್ನು ಬಿಡಿಸುವ ಭರದಲ್ಲಿ ಪುರಾಣ ಆರೋಪವನ್ನೇ ಒಪ್ಪಿಕೊಂಡಿದೆ.

ವಚನಗಳ ಬಸವಣ್ಣನಿಗೆ ಈ ವಕಾಲತ್ತು ಬೇಕಿರಲಿಲ್ಲ. ಹೊನ್ನಿನಲ್ಲಿ ಚೂರನ್ನೂ ಸೀರೆಯಲ್ಲಿ ಎಳೆಯನ್ನೂ ನಾಳೆಗೆಂದು ಬಯಸೆನು ಎಂದು ಆಣೆಯಿಡುವವನು ಅವನು. ಗಂಡ ಮಾರಯ್ಯ ಅಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕಿದ್ದನ್ನು ತಂದಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಬಿಜ್ಜಳ ಆಳಿದ ಅದೇ ಕಲ್ಯಾಣದವಳು. ಆಕೆಯ ಲೆಕ್ಕಪರಿಶೋಧನೆಗೆ ಒಂದು ಮೊರ ಸಾಕಾಗಿತ್ತು. ಅಂಥ ಊರಿನ ಖಜಾನೆಯನ್ನು ಪುರಾಣಕಾರರು ಅಳತೆಗೆ ಸಿಕ್ಕದ ಜಾಗಕ್ಕೆ ಎತ್ತಿಬಿಟ್ಟರು.

ಗಿರೀಶ ಕಾರ್ನಾಡರ ‘ತಲೆದಂಡ’ (1990) ಈ ಪ್ರಸಂಗವನ್ನು ಕೆಳಗಿಳಿಸಿತು. ಬಿಜ್ಜಳ ಊರಲ್ಲಿಲ್ಲದಾಗ ಮಗ ಸೋವಿದೇವ ಭಂಡಾರಕ್ಕೆ ಕೈಹಾಕುತ್ತಾನೆ. ಜಗದೇವನೆಂಬ ಬಿಸಿರಕ್ತದ ಹುಡುಗ ಶರಣರನ್ನು ಕಲೆಹಾಕಿ ಅದನ್ನು ಮುತ್ತುತ್ತಾನೆ. ಬೆಳಗಾಗುವಷ್ಟರಲ್ಲಿ ಊರ ಬಾಯಲ್ಲಿ ಅದು ಪವಾಡ. ಅಪ್ಪ ಸಾಯುತ್ತಿದ್ದರೂ ಮನೆಗೆ ಬಾರದೆ ದುಡಿದ ಜಗದೇವನ ಹೆಸರನ್ನು ಎತ್ತುವವರಿಲ್ಲ. ಪವಾಡ ಹುಟ್ಟುವ ಬಗೆಯನ್ನೂ ಅದು ಯಾರ ಶ್ರಮವನ್ನು ನುಂಗುತ್ತದೆ ಎಂಬುದನ್ನೂ ಕಾರ್ನಾಡರು ಒಟ್ಟಿಗೇ ಹಿಡಿದಿದ್ದಾರೆ. ಕೊನೆಗೆ ಬಿಜ್ಜಳನನ್ನು ಕೊಲ್ಲುವವನೂ ಇದೇ ಹುಡುಗ ಎಂಬುದನ್ನು ನೆನೆದರೆ ಈ ಗಾಯದ ಆಳ ತಿಳಿಯುತ್ತದೆ.

ಆದರೂ ನಾಟಕಕ್ಕೆ ಭಂಡಾರದ ಮೇಲಿನ ಆಸಕ್ತಿ ಬೇಗ ತೀರುತ್ತದೆ. ಶೀಲವಂತ–ಕಲಾವತಿಯರ ಅಂತರ್ಜಾತಿ ಮದುವೆಯ ಮಾತು ಬಂದದ್ದೇ ತಡ, ಜಾತಿಯ ಬೆಂಕಿ ಉಳಿದದ್ದನ್ನೆಲ್ಲ ಆವರಿಸುತ್ತದೆ. ಅದು ಸಹಜವೇ. ಆದರೆ ಒಬ್ಬ ಅರಸನ ಸಂಬಳದ ಭಂಡಾರಿಯೂ ಆ ಅರಸೊತ್ತಿಗೆಯ ಬುಡ ಅಲ್ಲಾಡಿಸುವ ಚಳವಳಿಯ ನಾಯಕನೂ ಒಬ್ಬನೇ ಆಗಿದ್ದಾಗ, ಕಳವು ಇಲ್ಲದೆಯೂ ಎದುರಾಗುವ ಇಕ್ಕಟ್ಟನ್ನು ಕಾರ್ನಾಡರು ಇನ್ನೂ ಕೆದಕಬಹುದಿತ್ತು. ಭೀಮಕವಿಗೆ ಆ ಪ್ರಶ್ನೆಯೇ ಇರಲಿಲ್ಲ, ಕಾರ್ನಾಡರಿಗಿತ್ತು.